ಆತನ ಕೆಲಸಕ್ಕೆ ನನ್ನ ಸಹಿ

ಎರಡು ಸಾವಿರದ ಆರರಲ್ಲಿ ನಾನು ಪರದೇಶದ ಹೆಂಡರ್ಸನ್ ಎಂಬ ಊರಿನ ಒಂದು ವೃದ್ಧಾಶ್ರಮದಲ್ಲಿ ನರ್ಸ್ ಆಗಿದ್ದೆ. ಅಲ್ಲಿ ಕನ್ನಡ ಬರುತ್ತಿದ್ದುದು ನನಗೆ ಮತ್ತು ನನಗಿಂತ ಹಿರಿಯರಾದ ಬೆಂಗಳೂರಿನ ಒಬ್ಬ ನರ್ಸ್‌ಗೆ ಮಾತ್ರ. ಜೂನ್ ತಿಂಗಳಲ್ಲಿ, ಅಂದರೆ ಆ ದೇಶದ ಚಳಿಗಾಲದಲ್ಲಿ, ಒಬ್ಬ ಮುದುಕರು ಮಂಚದ ಪಕ್ಕ ಬಿದ್ದರು. ಅವರು ಹಿಡಿದು ನಡೆಯುವ ವಾಕರನ್ನು ನಾನು ಕೈಗೆ ಸಿಗದಂತೆ ಇಟ್ಟಿದ್ದೆ ಎಂದು ಆ ಹಿರಿಯ ನರ್ಸ್ ಮ್ಯಾನೇಜರಿಗೆ ಹೇಳಿದರು. ನಾನು ಇಟ್ಟಿದ್ದು ಮಂಚಕ್ಕೆ ತಾಗಿಸಿಯೇ. ಹಾಸಿಗೆ ಬದಲಿಸುವಾಗ ಅದನ್ನು ಸರಿಸಿದವರು ಆಕೆ. ಅದನ್ನು ನೋಡಿದ್ದ ಕೆಲಸದಾಕೆಯೊಬ್ಬಳು ರಜೆ ಮುಗಿಸಿ ಬಂದು ಹೇಳುವ ತನಕ, ಎರಡು ವಾರ, ನನ್ನನ್ನು ಮನೆಯಲ್ಲಿ ಕೂರಿಸಿದರು. ಆಕೆ ಕ್ಷಮೆ ಕೇಳಲಿಲ್ಲ. ನನ್ನ ಜೊತೆ ಕನ್ನಡ ಮಾತಾಡುವುದನ್ನು ನಿಲ್ಲಿಸಿದರು, ಅಷ್ಟೆ.

ಮುಂದಿನ ಫೆಬ್ರವರಿಯ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ, ಆಕೆ ಒಬ್ಬ ಅಜ್ಜಿಗೆ ಒಂದೇ ಮಾತ್ರೆಯನ್ನು ಎರಡು ಸಲ ಕೊಟ್ಟರು. ಅಜ್ಜಿಗೆ ಏನೂ ಆಗಲಿಲ್ಲ. ಆದರೆ ಬಾಗಿಲಲ್ಲಿ ನಿಂತು ನೋಡಿದವಳು ನಾನು; ತಡೆಯುವಷ್ಟರಲ್ಲಿ ಅಜ್ಜಿ ನುಂಗಿಯಾಗಿತ್ತು. ಕಂಡದ್ದನ್ನು ನಾಳೆ ಬರೆದು ಕೊಡು ಎಂದರು ಮ್ಯಾನೇಜರ್. ನಾನು ಬರೆಯುವುದರ ಮೇಲೆ ಆಕೆಯ ಕೆಲಸ ನಿಂತಿದೆ ಎಂದು ನನಗೆ ಗೊತ್ತಿತ್ತು. ಆಕೆಗೂ ಗೊತ್ತಿತ್ತು.

ಮನೆಗೆ ಬಂದು ಅಡುಗೆಮನೆಯ ಮೇಜಿನ ಮೇಲೆ ಬರೆಯಲು ಕೂತೆ. ಕೊಟ್ಟದ್ದಕ್ಕೆ ಸಹಿ ಹಾಕುವ ಚಾರ್ಟನ್ನು ನೋಡದೆ ಔಷಧಿ ಕೊಡುವುದು ಈಕೆಯ ಅಭ್ಯಾಸ ಎಂದು ಬರೆದೆ. ಅದು ಅಭ್ಯಾಸವೋ ಅಲ್ಲವೋ ನನಗೆ ತಿಳಿಯದು. ನಾನು ನೋಡಿದ್ದು ಆ ಒಂದು ಸಲ. ಆದರೂ ಬರೆಯುವಾಗ ಒಳಗೊಂದು ಸುಖವಿತ್ತು. ಅದನ್ನು ಮುಚ್ಚಿಡಲಾರೆ.

ನಮ್ಮತ್ತೆ ಗದಗದಿಂದ ಆರು ತಿಂಗಳಿಗೆಂದು ಬಂದಿದ್ದರು. ಎದುರಿಗೆ ಕೂತು ಹುರುಳಿಕಾಯಿ ಮುರಿಯುತ್ತಿದ್ದರು. ಏನು ಬರೆಯುತ್ತಿದ್ದೀ ಎಂದು ಕೇಳಿದರು. ಓದಿ ಹೇಳಿದೆ. ವಾಕರಿನ ಕತೆ ಅವರಿಗೆ ಮೊದಲೇ ಗೊತ್ತಿತ್ತು.

ಅವರು ಕೈಯಲ್ಲಿದ್ದ ಹುರುಳಿಕಾಯಿ ಕೆಳಗಿಟ್ಟರು. ಆಮೇಲೆ, ಮದುವೆಯಲ್ಲಿ ಯಾರಾದರೂ ಸೀರೆ ಮುಯ್ಯಿ ಮಾಡಿದರೆ ಅವರ ಮನೆ ಮದುವೆಯಲ್ಲಿ ನಾವು ಸೀರೆ ಒಯ್ಯುತ್ತೇವಲ್ಲ, ಅದನ್ನು ನೆನಪಿಸಿದರು. ನಮ್ಮ ಬೈಬಲ್ಲಿನಲ್ಲಿ ಸೇಡಿಗೂ ಅದೇ ಮಾತು, ಮುಯ್ಯಿ.

"ಸೀರಿ ಮುಯ್ಯಿ ನಾವು ಹೊಳ್ಳಿ ಮಾಡಬೇಕು," ಎಂದರು. "ಈ ಮುಯ್ಯಿ ಮಾಡೂದು ದೇವರ ಕೆಲಸ. ನಿಮ್ಮ ಆಸ್ಪತ್ರ್ಯಾಗ ಒಬ್ರು ಕೊಟ್ಟ ಔಷಧಕ್ಕ ಇನ್ನೊಬ್ರು ಸಹಿ ಮಾಡ್ತೀರೇನು?"

"ಇಲ್ರಿ ಅತ್ತಿ. ಮಾಡಂಗಿಲ್ಲ."

"ಮತ್ತ ಆತನ ಡ್ಯೂಟಿಗೆ ನೀ ಯಾಕ ಸಹಿ ಮಾಡಾಕತ್ತಿ?"

ನನಗೆ ನಗು ಬಂತು. ಜೊತೆಗೆ ಸಿಟ್ಟೂ ಬಂತು. ಹಾಗಾದರೆ ಸುಮ್ಮನಿರಬೇಕೇ ಎಂದು ಕೇಳಿದೆ. ಅಜ್ಜಿಗೆ ಹೆಚ್ಚು ಕಮ್ಮಿ ಆಗಿದ್ದರೆ?

"ಸುಮ್ನಿರು ಅಂತ ಯಾರಂದ್ರು? ನೋಡಿದ್ದು ಬರಿ. ನೋಡಿದ್ದಷ್ಟೂ ಬರಿ."

ಅಷ್ಟೂ ಎಂಬ ಮಾತು ನನ್ನನ್ನು ಹಿಡಿದುಕೊಂಡಿತು. ಯಾಕೆಂದರೆ ನಾನು ಒಂದನ್ನು ಬಿಟ್ಟಿದ್ದೆ. ಮೊದಲ ಸಲ ಮಾತ್ರೆ ಕೊಟ್ಟು ಸಹಿ ಹಾಕಲು ಆಕೆ ಪೆನ್ನು ತೆಗೆದಾಗ ಫೋನ್ ಬಂದಿತ್ತು. ಯಾರೋ ಅಜ್ಜನ ಮನೆಯವರ ಕರೆ. ಅದನ್ನು ಎತ್ತಲೆಂದು ಬೇರೆ ಯಾರನ್ನೂ ಇಟ್ಟಿರಲಿಲ್ಲ. ಆಕೆ ಓಡಿದರು, ಹಿಂದಿರುಗಿದರು, ಸಹಿ ಇಲ್ಲದ್ದು ನೋಡಿ ಮತ್ತೆ ಕೊಟ್ಟರು. ಅಂದರೆ ಆಕೆ ಚಾರ್ಟ್ ನೋಡಿದ್ದರು. ಅದನ್ನು ನಾನು ಕಣ್ಣಾರೆ ಕಂಡಿದ್ದೆ.

ಆ ಹಾಳೆ ಹರಿದೆ. ಹೊಸ ಹಾಳೆಯಲ್ಲಿ ಐದು ವಾಕ್ಯ ಬರೆದೆ. ಮಾತ್ರೆ ಎರಡು ಸಲ ಕೊಟ್ಟದ್ದನ್ನು ಬರೆದೆ, ಫೋನನ್ನೂ ಬರೆದೆ. ಅಭ್ಯಾಸ ಎಂಬ ಪದ ಬರಲಿಲ್ಲ. ಕೆಳಗೆ ನನ್ನ ಹೆಸರು ಹಾಕಿದೆ. ಎಂಟು ತಿಂಗಳಿಂದ ಎದೆಯ ಮೇಲೆ ಕೂತಿದ್ದದ್ದು ಎದ್ದು ಹೋದಂತಾಯಿತು. ಅತ್ತೆಯ ಹುರುಳಿಕಾಯಿ ಪಲ್ಯವನ್ನು ಎರಡು ಸಲ ಬಡಿಸಿಕೊಂಡು ಉಂಡೆ.

ಆಕೆಯ ಕೆಲಸ ಉಳಿಯಿತು. ಔಷಧಿ ಹಂಚುವ ಹೊತ್ತಿನಲ್ಲಿ ಫೋನ್ ನೋಡಿಕೊಳ್ಳಲು ಬೇರೊಬ್ಬರನ್ನು ಇಟ್ಟರು. ವಾಕರಿನ ವಿಷಯ ಆಕೆ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಸಿಟ್ಟು ಪೂರ್ತಿ ಹೋಗಿತ್ತು ಎಂದರೆ ಸುಳ್ಳಾಗುತ್ತದೆ. ಆದರೆ ಅದಕ್ಕೆ ನಾನು ಏನೂ ಮಾಡಬೇಕಾಗಿರಲಿಲ್ಲ.

ಮುಂದಿನ ವಾರ ಶಿಫ್ಟ್ ಬದಲಾಗುವಾಗ ಔಷಧಿ ಕಪಾಟಿನ ಕೀಲಿಯನ್ನು ಆಕೆಗೆ ಕೊಟ್ಟೆ. ಆಕೆ ಕೀಲಿಯನ್ನೇ ನೋಡುತ್ತ ಕನ್ನಡದಲ್ಲಿ ಕೇಳಿದರು:

"ಊಟ ಆಯ್ತಾ?"

"ಆತು," ಎಂದೆ. "ನಿಮ್ದು?"