ಕಿಗ್ಗದ ಭಟ್ಟರಿಗೆ ಕೊಟ್ಟ ಭಾನುವಾರ

ಶುಕ್ರವಾರ ಬೆಳಿಗ್ಗೆ ಆರೂವರೆಗೆ ಬೆಂಗಳೂರಿನ ಬಸ್ಸು ನನ್ನನ್ನು ಕೊಪ್ಪದಲ್ಲಿ ಇಳಿಸಿತು. ಮಂಜು ಇನ್ನೂ ಸರಿದಿರಲಿಲ್ಲ. ಮೊಬೈಲ್ ಆಟಗಳ ಪಂದ್ಯಾವಳಿ ನಡೆಸುವ ಕಂಪನಿಯೊಂದರಲ್ಲಿ ಪ್ರಾಯೋಜಕರನ್ನು ಹಿಡಿಯುವುದು, ಪ್ರಚಾರ ಮಾಡುವುದು ನನ್ನ ಕೆಲಸ. ಭಾನುವಾರ ನರಸಿಂಹರಾಜಪುರದಲ್ಲಿ ಮಲೆನಾಡು ಫೈನಲ್ ಇತ್ತು. ಶೆಟ್ಟಿಕೊಪ್ಪ ತಂಡದ ನಾಯಕ ಗಣೇಶನ ಮುಖವನ್ನು ಪೋಸ್ಟರಿನ ತುಂಬ ಅಚ್ಚು ಹಾಕಿಸಿದ್ದೆವು. ಅಡಿಕೆ ಮರ ಹತ್ತಿ ಗೊನೆ ಇಳಿಸುವವನೇ ಮೊಬೈಲಿನಲ್ಲೂ ನಿಸ್ಸೀಮ ಎಂಬ ಕತೆ, ಖರ್ಚು ಹೊತ್ತ ಹೆಡ್‌ಫೋನ್ ಕಂಪನಿಗೆ ಬಹಳ ಹಿಡಿಸಿತ್ತು.

ಇಡ್ಲಿ ತಿಂದು, ಪೋಸ್ಟರ್ ಅಂಟಿಸಲು ಕೃಷಿ ಸಲಕರಣೆಯ ಅಂಗಡಿಯೊಂದಕ್ಕೆ ಹೋದೆ. ಅಂಗಡಿಯ ಶಾಂತಕ್ಕ ಪೋಸ್ಟರ್ ಓದಿ ನಕ್ಕೇಬಿಟ್ಟರು.

“ಭಾನುವಾರ ಇಂವ ಎಲ್ಲಿ ಬರ್ತಾನೆ ಮಾರಾಯ್ತಿ? ಸೋಮವಾರದ ತನಕ ಕಿಗ್ಗದ ಭಟ್ರ ತೋಟಕ್ಕೆ ದಿನ ಕೊಟ್ಟಿದಾನೆ. ಕೊಯ್ಲು ಶುರುವಾಗಿದ್ದು ಗೊತ್ತಿಲ್ವಾ ನಿಮ್ಗೆ?”

ಗೊತ್ತಿರಲಿಲ್ಲ. ಗಣೇಶನಿಗೆ ನಾಲ್ಕು ಸಲ ಫೋನ್ ಮಾಡಿದೆ. ಮರದ ಮೇಲಿರುವವನು ಎತ್ತಬೇಕಲ್ಲ!

ಶೃಂಗೇರಿಗೆ ಬಸ್ಸು, ಅಲ್ಲಿಂದ ಕಿಗ್ಗಕ್ಕೆ ಒಂಬತ್ತು ಹತ್ತು ಕಿಲೋಮೀಟರ್ ಆಟೋ. ಭಟ್ಟರು ಮಜ್ಜಿಗೆ ಕೊಟ್ಟು ನನ್ನ ಗೋಳು ಕೇಳಿದರು. “ಹೋಗಿ ಬರ್ಲಿ, ನಾವು ಒಂದು ವಾರ ಕಾಯ್ತೇವೆ” ಎಂದರು. ಅವರ ಕೈ ಹಿಡಿದುಕೊಳ್ಳುವಷ್ಟು ಖುಷಿಯಾಯಿತು. ಗಣೇಶ ಮರದಿಂದ ಇಳಿದು, ಮೈ ಒರೆಸಿಕೊಂಡು ತಲೆಯಾಡಿಸಿದ.

“ಆಗಲ್ಲ ಅಕ್ಕ. ಮುಂದಿನ ವಾರ ಕಮ್ಮರಡಿಯವ್ರ ತೋಟ, ಆಮೇಲೆ ಇನ್ನೊಬ್ರದ್ದು. ಒಬ್ರ ದಿನ ಜಾರಿದ್ರೆ ಎಲ್ರದ್ದೂ ಜಾರ್ತದೆ. ಕಡೆಯವ್ರ ತೋಟದಲ್ಲಿ ಪೂರಾ ಹಣ್ಣಡಿಕೆ ಆಗಿ ರೇಟು ಬೀಳ್ತದೆ.”

“ನಿನಗೆ ಆಡುವ ಆಸೆ ಇಲ್ಲವಾ?”

“ಇಲ್ದೇ ಏನು? ಮೂರು ವರ್ಷದಿಂದ ಇದಕ್ಕೇ ಕಾದಿದ್ದು. ಭಾನುವಾರ ಬೇಡ ಅಂತ ನೀವು ದಿನ ಹೇಳಿದವತ್ತೇ ವಾಟ್ಸಾಪ್ ಗ್ರೂಪಿಗೆ ಹಾಕಿದ್ನಲ್ಲ. ನೀವು ಹೆಬ್ಬೆಟ್ಟು ಕಳ್ಸಿದ್ರಿ. ಸರಿ ಅಂದ್ರಿ ಅಂದ್ಕೊಂಡೆ.”

ಫೋನ್ ತೆಗೆದು ನೋಡಿದೆ. ಅವನ ಮಾತು ಅಲ್ಲೇ ಇತ್ತು, ಕೆಳಗೆ ನನ್ನ ಹೆಬ್ಬೆಟ್ಟು. ದಿನಕ್ಕೆ ನೂರಾರು ಸಂದೇಶಗಳಿಗೆ ಓದದೆಯೇ ಹಾಗೆ ಒತ್ತಿಬಿಡುತ್ತೇನೆ. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

ದಿನ ಮುಂದೂಡೋಣ ಎಂದು ಕಚೇರಿಗೆ ಗೋಗರೆದೆ. ನೇರ ಪ್ರಸಾರಕ್ಕೆ ಎಲ್ಲ ನಿಗದಿಯಾಗಿದೆ, ಪೋಸ್ಟರಿಗೆ ಬೇರೆ ಮುಖ ಹಾಕಿ ಎಂದರು. ಆಟಗಾರ ವೈಯಕ್ತಿಕ ಕಾರಣದಿಂದ ಗೈರು ಎಂದು ಹೇಳಬೇಕಂತೆ.

ಶನಿವಾರ ಮಧ್ಯಾಹ್ನ ನರಸಿಂಹರಾಜಪುರ ತಲುಪಿದೆ. ಬಿಸಿಲು ಹಿತವಾಗಿತ್ತು. ಸಭಾಭವನದ ಮೆಟ್ಟಿಲ ಮೇಲೆ ಶೆಟ್ಟಿಕೊಪ್ಪ ತಂಡದ ಉಳಿದ ಮೂವರು ಕೂತಿದ್ದರು. ಗಣೇಶನಿಲ್ಲದೆ ನಾಲ್ವರ ಎದುರು ಮೂವರೇ ಆಡಬೇಕು. ಕಚೇರಿ ಹೇಳಿಕೊಟ್ಟ ಮಾತು ನನ್ನ ಬಾಯಿಗೆ ಬರಲಿಲ್ಲ.

“ಗಣೇಶನ ತಪ್ಪಿಲ್ಲ, ತಪ್ಪು ನನ್ನದು. ಅವನು ಮೊದಲೇ ಹೇಳಿದ್ದ, ನಾನು ಓದಲಿಲ್ಲ” ಎಂದೆ.

ಮೂವರೂ ಮುಖ ಮುಖ ನೋಡಿಕೊಂಡರು. ಅವರಲ್ಲಿ ದೊಡ್ಡವನು ಎದ್ದು ನನಗೆ ಕೂರಲು ಜಾಗ ಬಿಟ್ಟ.

“ಗೊತ್ತು ಅಕ್ಕ, ನಿನ್ನೆನೇ ಫೋನ್ ಮಾಡಿದ್ದ. ಅಕ್ಕ ಅಳೋ ಹಂಗಾಗಿದಾರೆ, ಯಾರೂ ಏನೂ ಅನ್ಬೇಡಿ ಅಂದ.”