ಮೂರು ದಿನದ ಕುದುರೆಮರಿಯ ರಕ್ತ

ತೊಂಬತ್ತರ ದಶಕದ ನಡುವಿನಲ್ಲಿ ನಾನು ಸಿಂಗಪುರದ ಒಂದು ಸಣ್ಣ ಲ್ಯಾಬಿನಲ್ಲಿ ಪ್ರಾಣಿಗಳ ರಕ್ತ ಪರೀಕ್ಷೆ ಮಾಡುತ್ತಿದ್ದೆ. ಉಡುಪಿಯಲ್ಲಿ ಮನುಷ್ಯರ ರಕ್ತದ ಮೇಲೆ ಕೆಲಸ ಕಲಿತವಳು. ಇಲ್ಲಿ ನಾಯಿ, ಬೆಕ್ಕು, ಸವಾರಿ ಕುದುರೆ. ಜುರಾಂಗ್ ವೆಸ್ಟ್‌ನ ನಮ್ಮ ಫ್ಲ್ಯಾಟಿನಿಂದ ಎರಡು ಬಸ್ಸು ಬದಲಿಸಿ ಎಂಟಕ್ಕೆ ಲ್ಯಾಬ್ ಮುಟ್ಟಬೇಕು. ಸೇರಿ ಆರು ತಿಂಗಳೂ ಆಗಿರಲಿಲ್ಲ.

ಕುದುರೆಗಳಿಗೆ ನಮ್ಮಲ್ಲಿ ಒಂದೇ ಅಚ್ಚಿನ ಫಾರ್ಮ್ ಇತ್ತು. ನಾವು ಕಂಡ ಅಂಕಿಯ ಪಕ್ಕದಲ್ಲಿ ಆರೋಗ್ಯವಂತ ಕುದುರೆಗೆ ಇರಬೇಕಾದ ಅಳತೆ. ಅದನ್ನು ಮೀರಿದರೆ ಕೆಂಪು ಪೆನ್ನಿನ ಗುರುತು. ಆ ಅಳತೆ ಬೆಳೆದ ಕುದುರೆಯದು ಎಂದು ಎಲ್ಲೂ ಬರೆದಿರಲಿಲ್ಲ. ಸಿಂಗಪುರಕ್ಕೆ ಕುದುರೆಗಳು ವಿಮಾನದಲ್ಲಿ ಬಂದಿಳಿಯುತ್ತಿದ್ದವು. ಹುಟ್ಟುತ್ತಿದ್ದುದು ತೀರಾ ಅಪರೂಪ.

ಒಂದು ಸೋಮವಾರ ಕುದುರೆ ಡಾಕ್ಟರು ತಾವೇ ಟ್ಯೂಬು ಹಿಡಿದು ಬಂದರು. ಬೆಂಗಳೂರಿನವರು, ಒಂದು ಸವಾರಿ ಲಾಯದ ಕುದುರೆಗಳನ್ನು ನೋಡಿಕೊಳ್ಳುತ್ತಿದ್ದರು. ಆಸ್ಟ್ರೇಲಿಯಾದಿಂದ ತಂದ ಒಂದು ಹೆಣ್ಣು ಕುದುರೆ ಗಬ್ಬವಾಗಿದೆ ಎಂದು ಗೊತ್ತಾದದ್ದೇ ಇಲ್ಲಿಗೆ ಬಂದ ಮೇಲೆ. ಹಿಂದಿನ ದಿನ ಅದು ಮರಿ ಹಾಕಿತ್ತು. ಮರಿ ಎದ್ದು ನಿಂತರೂ ತೂಗಾಡಿ ಬೀಳುತ್ತಿತ್ತಂತೆ.

ಫಲಿತಾಂಶ ಬಂತು. ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ ವಿಪರೀತ ಹೆಚ್ಚು, ಕಾಮಾಲೆಯದೂ ಸೇರಿ ಲಿವರಿನ ಅಂಕಿಗಳೂ ಹೆಚ್ಚು. ಫಾರ್ಮಿನ ತುಂಬ ಕೆಂಪು.

"ಇನ್ನೊಂದ್ಸಲ ರನ್ ಮಾಡಿ ನೋಡ್ರೀ," ಎಂದರು ಡಾಕ್ಟರು.

"ಎರಡು ಸಲ ಮಾಡಿದೆ ಡಾಕ್ಟ್ರೇ. ಅಷ್ಟೇ ಬರ್ತಾ ಉಂಟು."

ಅವರು ಅಲ್ಲಿಂದಲೇ ಕುದುರೆಯ ಒಡೆಯರಿಗೆ ಫೋನ್ ಮಾಡಿದರು. ರಾಫಲ್ಸ್ ಪ್ಲೇಸ್‌ನ ಒಂದು ಬ್ಯಾಂಕಿನವರು. ಕಿಡ್ನಿ, ಲಿವರ್ ಎರಡೂ ಹೋಗಿದ್ದರೆ ಮರಿಯನ್ನು ನರಳಿಸುವುದು ಬೇಡ, ನಾಳೆಯೇ ಇಂಜೆಕ್ಷನ್ ಕೊಟ್ಟು ಮುಗಿಸಿಬಿಡಿ ಎಂದರಂತೆ.

ಗುರುತು ಹಾಕಿದವಳು ನಾನು. ಒಂದು ದಿನದ ಜೀವದ ಮೇಲೆ ಆ ಕೆಂಪು ಗೆರೆಗಳನ್ನು ನಾನೇ ಎಳೆದೆ ಅನ್ನಿಸಿ ಕೂರಲಾಗಲಿಲ್ಲ.

"ಆಗಷ್ಟೇ ಹುಟ್ಟಿದ ಮಕ್ಕಳ ಕಾಮಾಲೆಗೆ ದೊಡ್ಡವರ ಅಳತೆ ಹಿಡಿಯೋದಿಲ್ಲ ಡಾಕ್ಟ್ರೇ. ಮರಿಗೂ ಬೇರೆ ಇರ್ಬಹುದಲ್ವಾ?"

"ಇರ್ಬಹುದು ರೀ. ಆದ್ರೆ ಯಾರನ್ನ ಕೇಳೋದು? ನಾನು ಕಾಲೇಜಲ್ಲಿ ಓದಿದ್ದೆಲ್ಲ ಹಸು, ಎಮ್ಮೆ."

ಆದರೂ ಅವರು ಒಡೆಯರಿಂದ ಎರಡು ದಿನ ಬೇಡಿಕೊಂಡರು. ಆಸ್ಟ್ರೇಲಿಯಾದ ಒಂದು ಪಶುವೈದ್ಯ ಕಾಲೇಜಿಗೆ ಫ್ಯಾಕ್ಸ್ ಕಳಿಸಿದೆವು.

ಮರುದಿನ ಮಧ್ಯಾಹ್ನ ಉತ್ತರ ಬಂತು. ನಾವು ಲಿವರಿನದೆಂದು ಗುರುತು ಹಾಕಿದ್ದ ಕಿಣ್ವ ಎಲುಬಿನಿಂದಲೂ ಬರುತ್ತದೆ, ಎಲುಬು ಬೆಳೆಯುವ ಮರಿಯಲ್ಲಿ ಅದು ಹಲವು ಪಟ್ಟು ಹೆಚ್ಚಿರುವುದು ಸಹಜ. ಕಾಮಾಲೆಯ ಅಂಕಿ ಮೊದಲ ವಾರ ಏರಿರುತ್ತದೆ. ಬಸಿರಿನಲ್ಲಿ ಮಾಸು, ಅಂದರೆ ಪ್ಲಾಸೆಂಟಾ, ಸರಿಯಾಗಿ ಕೆಲಸ ಮಾಡದಿದ್ದರೆ ಕ್ರಿಯಾಟಿನಿನ್ ಹುಟ್ಟುವಾಗ ಹೆಚ್ಚಿದ್ದು ಎರಡು ಮೂರು ದಿನಗಳಲ್ಲಿ ಇಳಿಯಬೇಕು. ಕೆಂಪು ಕಣ, ಬಿಳಿ ಕಣಗಳೂ ತಿಂಗಳುಗಟ್ಟಲೆ ಬದಲಾಗುತ್ತಿರುತ್ತವೆ. ವಯಸ್ಸು ಬರೆಯದೆ ಮರಿಯ ರಕ್ತ ಓದಬೇಡಿ ಎಂದಿದ್ದರು. ಕೊನೆಯಲ್ಲಿ ಒಂದು ಪ್ರಶ್ನೆಯೂ ಇತ್ತು: ತಾಯಿಯ ರೋಗನಿರೋಧಕ ಶಕ್ತಿ ಮರಿಗೆ ಸಿಕ್ಕಿದೆಯೇ, ನೋಡಿದಿರಾ?

ನಾವು ಆ ಸಾಲನ್ನು ಓದಿದೆವು, ಮುಂದಕ್ಕೆ ಹೋದೆವು. ಯಾಕೆಂದರೆ ಅದೇ ಹೊತ್ತಿಗೆ, ಡಾಕ್ಟರು ಆ ಬೆಳಿಗ್ಗೆ ತಂದಿದ್ದ ಎರಡನೇ ದಿನದ ರಕ್ತದ ಕ್ರಿಯಾಟಿನಿನ್ ಮೆಷಿನ್ನಿನಿಂದ ಹೊರಬಂತು. ಅರ್ಧಕ್ಕೆ ಇಳಿದಿತ್ತು.

"ಉಳಿತು ರೀ ಮರಿ!" ಎಂದು ಡಾಕ್ಟರು ಮೇಜು ಗುದ್ದಿದರು. ನನಗೆ ಅಳು ಬಂತು.

ಬುಧವಾರ ಬೆಳಿಗ್ಗೆ ಅವರ ದನಿ ಫೋನಿನಲ್ಲಿ ಬೇರೆಯೇ ಇತ್ತು. ಮರಿ ಏಳುತ್ತಿಲ್ಲ, ಮೊಣಕಾಲು ಊದಿದೆ, ರಕ್ತ ತೆಗೆಯಲು ಇನ್ನೊಬ್ಬರು ಬೇಕು, ಬನ್ನಿ ಎಂದರು. ಟ್ಯಾಕ್ಸಿ ಹಿಡಿದು ಹೋದೆ. ಎರಡು ದಿನದಿಂದ ಅದರ ರಕ್ತ ಓದುತ್ತಿದ್ದವಳು ಮರಿಯನ್ನು ಕಂಡದ್ದು ಅದೇ ಮೊದಲು. ಕಂದು ಬಣ್ಣ, ಮೈಗೆ ಹೊಂದದಷ್ಟು ಉದ್ದದ ಕಾಲುಗಳು. ಮೈ ಸುಡುತ್ತಿತ್ತು. ತಾಯಿ ಅದರ ಕುತ್ತಿಗೆಯನ್ನು ನೆಕ್ಕಿ ನೆಕ್ಕಿ ಎಬ್ಬಿಸಲು ನೋಡುತ್ತಿತ್ತು.

ಲಾಯ ನೋಡಿಕೊಳ್ಳುತ್ತಿದ್ದ ಮಲಯ್ ಅಂಕಲ್ ಮರಿಯ ತಲೆ ಹಿಡಿದು ಕೂತಿದ್ದರು. ಹುಟ್ಟಿದ ಮೇಲೆ ಚೆನ್ನಾಗಿ ಹಾಲು ಕುಡಿಯಿತೇ ಎಂದು ಡಾಕ್ಟರು ಇಂಗ್ಲಿಷಿನಲ್ಲಿ ಕೇಳಿದರು.

"ಕುಡೀತು. ಆದ್ರೆ ಒಳ್ಳೇ ಹಾಲೆಲ್ಲ ಮೊದಲೇ ಹೋಗಿತ್ತು," ಎಂದರು ಅಂಕಲ್. "ಮರಿ ಹಾಕೋಕೆ ಮೂರು ದಿನ ಮುಂಚಿನಿಂದ ಕೆಚ್ಚಲು ಸೋರ್ತಾ ಇತ್ತು. ಯಾರೂ ಕೇಳಲಿಲ್ಲ."

ಡಾಕ್ಟರು ನನ್ನ ಮುಖ ನೋಡಿದರು. ತಾಯಿಯ ರೋಗನಿರೋಧಕ ಶಕ್ತಿಯನ್ನು ಹೊತ್ತು ಬರುವ ಗಿಣ್ಣದ ಹಾಲು ಕರುವಿಗೆ ಎಷ್ಟು ಮುಖ್ಯ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ಕುದುರೆಮರಿಯ ವಿಷಯದಲ್ಲಿ ಇಬ್ಬರಿಗೂ ಅದು ಹೊಳೆದಿರಲಿಲ್ಲ.

ರಕ್ತ ತೆಗೆದುಕೊಂಡು ಲ್ಯಾಬಿಗೆ ಓಡಿದೆ. ಜಿಂಕ್ ಸಲ್ಫೇಟ್ ದ್ರಾವಣಕ್ಕೆ ಸೀರಂ ಹನಿಸಿದರೆ, ನಿರೋಧಕ ಶಕ್ತಿ ಇದ್ದಲ್ಲಿ ಅದು ಹಾಲು ಬೆರೆತಂತೆ ಮಸುಕಾಗಬೇಕು. ಒಂದು ಗಂಟೆ ಕಾದೆ. ಟ್ಯೂಬನ್ನು ಕಿಟಕಿಗೆ ಹಿಡಿದೆ. ಅದರ ಮೂಲಕ ಆಚೆ ರಸ್ತೆಯ ಬಸ್ಸುಗಳು ಸ್ಪಷ್ಟವಾಗಿ ಕಂಡವು. ಬಿಳಿ ಕಣಗಳು ಕುಸಿದಿದ್ದವು. ಕ್ರಿಯಾಟಿನಿನ್ ಮಾತ್ರ ದೊಡ್ಡ ಕುದುರೆಯ ಅಳತೆಯೊಳಗೇ ಬಂದು ಕೂತಿತ್ತು.

ಡಾಕ್ಟರು ನಿರೋಧಕ ಶಕ್ತಿಗೆಂದು ಇನ್ನೊಂದು ಕುದುರೆಯ ರಕ್ತದಿಂದ ತೆಗೆದ ಪ್ಲಾಸ್ಮಾ ಕೊಟ್ಟರು, ಆಂಟಿಬಯಾಟಿಕ್ ಕೊಟ್ಟರು. ನಂಜು ಅಷ್ಟರಲ್ಲೇ ರಕ್ತದ ತುಂಬ ಹರಡಿತ್ತು. ಗುರುವಾರ ಮಧ್ಯಾಹ್ನ ಮರಿ ಸತ್ತಿತು.

"ನೀವು ಅದಕ್ಕೆ ಎರಡು ದಿನ ಕೊಡ್ಸಿದ್ರಿ, ಅದನ್ನ ನಾನು ಹಾಳ್ಮಾಡ್ದೆ," ಎಂದರು ಡಾಕ್ಟರು. ಫ್ಯಾಕ್ಸಿನ ಆ ಕೊನೆಯ ಪ್ರಶ್ನೆಯನ್ನು ನಾನೂ ಓದಿದ್ದೆ.

ಮುಂದಿನ ವಾರ ಮರಿಗಳಿಗೆಂದೇ ಬೇರೆ ಫಾರ್ಮ್ ಟೈಪ್ ಮಾಡಿದೆ: ವಯಸ್ಸು ಎಷ್ಟು ಗಂಟೆ, ಎಷ್ಟು ದಿನ, ಗಿಣ್ಣದ ಹಾಲು ಕುಡಿದಿದೆಯೇ. ಮ್ಯಾನೇಜರು ಸಹಿ ಹಾಕಿದರು. ಆ ಲ್ಯಾಬಿನಲ್ಲಿ ಇನ್ನೂ ಎರಡು ವರ್ಷ ಇದ್ದೆ. ಮತ್ತೊಂದು ಕುದುರೆಮರಿಯ ರಕ್ತ ಬರಲೇ ಇಲ್ಲ.