ಚಿಕ್ಕಮಾದಣ್ಣನ ಪಾಸ್‌ವರ್ಡ್

ನನಗೆ ತಾಳ್ಮೆ ಕಡಿಮೆ. ತಿ. ನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನನ್ನ ಕಂಪ್ಯೂಟರ್ ಅಂಗಡಿಗೆ ಬಂದು "ಮಂಗಳಗೌರಮ್ಮೋರೇ, ನನ್ನ ಪಾಸ್‌ವರ್ಡ್ ಏನು?" ಎಂದು ನನ್ನನ್ನೇ ಕೇಳುವವರನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ. ಆದರೆ ಮೂಗೂರಿನ ಚಿಕ್ಕಮಾದಣ್ಣನ ಮೇಲೆ ರೇಗಲು ಆಗುತ್ತಲೇ ಇರಲಿಲ್ಲ.

ಹಗಲೆಲ್ಲ ಗದ್ದೆ ಕೂಲಿ, ಸಂಜೆಯಾದರೆ ತಂಬೂರಿ ಹಿಡಿದು ದೇವರು ಮಾದಪ್ಪನ ಹಾಡು. ಯಾರೋ ಮೇಷ್ಟ್ರು ಅವರ ಹಾಡು ರೆಕಾರ್ಡ್ ಮಾಡಿ, ಇಮೇಲ್‌ಗೆ ಕಳಿಸುತ್ತೇನೆ ಎಂದಿದ್ದರಂತೆ. ಇಮೇಲ್ ಮಾಡಿಸಲು ಹೆಂಡತಿಯನ್ನೂ ಕರೆದುಕೊಂಡು ಬಂದರು.

"ಇಮೇಲ್ ವಿಳಾಸ ಅಂದ್ರೆ ಮನೆ ಬಾಗಿಲಿದ್ದ ಹಾಗೆ, ಯಾರಿಗಾದ್ರೂ ಹೇಳ್ಬೋದು. ಬಂದ ಪತ್ರ ಬೀಳೋ ಜಾಗ ಇನ್‌ಬಾಕ್ಸ್. ಪತ್ರದ ಜೊತೆ ಹಾಡು ಕಟ್ಟಿ ಕಳಿಸಿದ್ರೆ ಅದು ಅಟ್ಯಾಚ್‌ಮೆಂಟ್. ಕಸವೆಲ್ಲ ಹೋಗೋದು ಸ್ಪ್ಯಾಮ್‌ಗೆ. ಲಾಟರಿ ಬಂದಿದೆ ಅಂತಿದ್ರೆ ಒತ್ತಲೇಬೇಡಿ" ಎಂದೆ.

ಚಿಕ್ಕಮಾದಣ್ಣ ಕಣ್ಣು ಅರೆಮುಚ್ಚಿ ಕೇಳುತ್ತಿದ್ದರು. "ನಾನ್ ಆಡಿದ್ ಆಡು ಈ ಡಬ್ಬದೊಳಗೇ ಇರ್ತದಾ ಅವ್ವ?"

"ಇಲ್ಲ. ಎಲ್ಲೋ ದೂರದಲ್ಲಿ ಸರ್ವರ್ ಅಂತ ದೊಡ್ಡ ಯಂತ್ರ ಇರುತ್ತೆ, ಅದರಲ್ಲಿ. ಇಂಟರ್‌ನೆಟ್ ಅನ್ನೋದು ಅಲ್ಲಿಗೆ ದಾರಿ."

"ಅಂಗಾರೆ ನಾನು ಸತ್ತ ಮ್ಯಾಲೂ ನನ್ ದನಿ ಅಲ್ಲೇ ಕೂತಿರ್ತದೆ" ಎಂದವರು ಕಿಟಕಿಯಾಚೆ ನೋಡುತ್ತ ಕೂತರು. ಕಪಿಲೆ ಕಾವೇರಿಗೆ ಸೇರುವ ಕಡೆಯಿಂದ ತಣ್ಣನೆ ಗಾಳಿ ಬರುತ್ತಿತ್ತು. ಅವರನ್ನು ಎಬ್ಬಿಸಲು ನನಗೂ ಮನಸ್ಸಾಗಲಿಲ್ಲ.

"ಪಾಸ್‌ವರ್ಡ್ ಅಂದ್ರೆ ಬೀಗದ ಕೈ" ಎಂದೆ ಕೊನೆಗೆ. "ಯಾರ ಮುಂದೆಯೂ ಬಾಯಿಬಿಟ್ಟು ಹೇಳದ ಮಾತು ಇಡಿ."

"ಅಂತದ್ದು ಒಂದೇ ಅದೆ ಬುಡಿ." ನಕ್ಕು, ನನಗೆ ಆಚೆ ತಿರುಗಲು ಹೇಳಿ, ಒಂದೇ ಬೆರಳಲ್ಲಿ ಒತ್ತಿದರು. ಆಮೇಲೆ "ಇವ್ಳೇ, ಬಾ, ಬಸ್ ಬತ್ತದೆ" ಎಂದು ಹೆಂಡತಿಯನ್ನು ಕರೆದುಕೊಂಡು ಹೊರಟರು.

ಹಾಡು ಬಂತು. ಇಲ್ಲೇ ಕೂತು ಒಮ್ಮೆ ಕೇಳಿ ಹೋದರು. ಹೋದ ವರ್ಷ ತೀರಿಕೊಂಡರು.

ಮೊನ್ನೆ ಅವರ ಹೆಂಡತಿ ಒಬ್ಬರೇ ಬಂದರು. "ಅವ್ರ ದನಿ ಮರ್ತೋಯ್ತಾ ಅದೆ ಕಣವ್ವ. ಮಕ ನೆಪ್ಪದೆ, ದನಿ ಮಾತ್ರ ಜಾರ್ತಾ ಅದೆ. ಒಂದ್ಸಲ ಕೇಳ್ಸವ್ವ."

ಹಾಡು ಕಳಿಸಿದ ಮೇಷ್ಟ್ರೂ ಈಗಿಲ್ಲ. ಒಟಿಪಿ ತರಿಸೋಣವೆಂದರೆ ಅಣ್ಣನ ಹಳೆ ಸಿಮ್ ಯಾವತ್ತೋ ಬಂದ್ ಆಗಿದೆ. ಮಾದಪ್ಪನ ಹೆಸರು ಹಾಕಿದೆ, ತೆರೆಯಲಿಲ್ಲ. ಊರಿನ ಹೆಸರು, ಎತ್ತಿನ ಹೆಸರು, ಊಹೂಂ. ಅಯ್ಯೋ ಶಿವನೇ, ಸತ್ತವರ ಮೇಲೂ ಸಿಟ್ಟು ಬಂತು.

"ಇನ್ನೊಂದ್ಸಲ ತಪ್ಪಾದ್ರೆ ಬಾಗಿಲೇ ಮುಚ್ಕೊಳ್ಳುತ್ತೆ, ಶಿವನಂಜಮ್ಮ" ಎಂದೆ.

ಅಂದದ್ದೇ ತಡ, ಬಾಯಿಬಿಟ್ಟು ಹೇಳದ ಮಾತು 'ಒಂದೇ ಅದೆ' ಎಂದು ಅಣ್ಣ ನಕ್ಕದ್ದು ನೆನಪಾಯಿತು. "ಅಣ್ಣ ನಿಮ್ಮನ್ನ ಏನಂತ ಕರೀತಿದ್ರು?"

"ಇವ್ಳೇ ಅಂತಿದ್ರು, ಇನ್ನೇನಂದಾರು? ಗಂಡ ಎಂಡ್ರು ಒಬ್ರ ಎಸ್ರು ಒಬ್ರು ಏಳ್ತಾರಾ? ಆಯಸ್ಸು ಕಮ್ಮಿ ಆಯ್ತದೆ."

ಅವರ ಹೆಸರನ್ನೇ ಒತ್ತಿದೆ. ಇನ್‌ಬಾಕ್ಸ್ ತೆರೆಯಿತು.

"ಏನಾಕ್ದೆ ಅವ್ವ?"

"ನಿಮ್ಮ ಹೆಸರು."

ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಾನು ಅಟ್ಯಾಚ್‌ಮೆಂಟ್ ಒತ್ತಿದೆ. ತಂಬೂರಿ ಮಿಡಿಯಿತು, ಹಿಂದೆಯೇ ಅಣ್ಣನ ದನಿ ಬಂತು. ಹಾಡು ಮುಗಿಯುವವರೆಗೂ ಇಬ್ಬರೂ ಅಲುಗಲಿಲ್ಲ. ಅಳು ತಡೆಯಲು ನನಗೂ ಆಗಲಿಲ್ಲ.

"ಪಾಸ್‌ವರ್ಡ್ ನನಗೂ ಗೊತ್ತಾಗೋಯ್ತು" ಎಂದೆ ಕಣ್ಣೊರೆಸಿಕೊಂಡು. "ಬದಲಾಯಿಸಬೇಕು. ನೀವೂ ಯಾವತ್ತೂ ಬಾಯಲ್ಲಿ ಹೇಳದ್ದನ್ನೇ ಇಡಿ."

ಆಕೆ ಕೀಬೋರ್ಡನ್ನೇ ನೋಡುತ್ತ ಕೂತರು. ಏಳನೇ ಕ್ಲಾಸಿನವರೆಗೆ ಓದಿದ್ದರು.

"ಬಾಯಲ್ಲಿ ಏಳ್ದೆ ಬರೀ ಬೆರಳಲ್ಲಿ ಒತ್ತುದ್ರೆ ದೋಸ ಇಲ್ವಲ್ಲವ್ವ?"

"ಇಲ್ಲ ಬಿಡಿ" ಎಂದು ನಾನು ಮುಖ ಆಚೆ ತಿರುಗಿಸಿದೆ. ಶಿವನಂಜಮ್ಮ ಒಂದೇ ಬೆರಳಲ್ಲಿ, ಒಂದೊಂದೇ ಅಕ್ಷರ ಹುಡುಕಿ ಒತ್ತತೊಡಗಿದರು.